ಮಳೆ ‘ಕೈ ಕೊಟ್ಟಿತು’: ಈ ವಾಕ್ಯಕ್ಕೆ ಅಂಕ ಕೊಡಲೇ, ಬೇಡವೇ?

ಸಂಜೆ ತರಗತಿ, ಮಂಡ್ಯ | ಭಾನುವಾರ, ರಾತ್ರಿ 8.10

ಎಲ್ಲರಿಗೂ ನಮಸ್ಕಾರ. ಸುಭಾಷ್ ನಗರದಲ್ಲಿ ಪಿಯುಸಿ ಮಕ್ಕಳಿಗೆ ಸಂಜೆ ಹೊತ್ತು ಇಂಗ್ಲಿಷ್ ಹೇಳಿಕೊಡುತ್ತೇನೆ. ಕಳೆದ ವಾರ ಹತ್ತು ನುಡಿಗಟ್ಟುಗಳನ್ನು ಕೊಟ್ಟು, ಸ್ವಂತ ವಾಕ್ಯದಲ್ಲಿ ಬಳಸಿ ತನ್ನಿ ಎಂದಿದ್ದೆ. ಮದ್ದೂರಿನ ಕಡೆಯಿಂದ ಬರುವ ಹುಡುಗನೊಬ್ಬ ‘ಗಿವ್ ಎ ಹ್ಯಾಂಡ್’ ಎಂಬುದಕ್ಕೆ ಹೀಗೆ ಬರೆದಿದ್ದ: ‘ದಿ ರೈನ್ ಗೇವ್ ಅಸ್ ಎ ಹ್ಯಾಂಡ್ ದಟ್ ಇಯರ್.’

ವ್ಯಾಕರಣ ಸರಿ, ಕಾಗುಣಿತ ಸರಿ. ಆ ವರ್ಷ ಮಳೆ ನೆರವಾಯಿತು ಎಂದು ಓದಿಕೊಂಡು ಪೂರ್ತಿ ಅಂಕ ಕೊಟ್ಟೆ. ಸಾಲದ್ದಕ್ಕೆ ತರಗತಿಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ಹುಡುಗ ಎದ್ದು ನಿಂತು, ‘ಇಲ್ಲ ಸರ್, ಆ ವರ್ಷ ಮಳೆಯೇ ಬರಲಿಲ್ಲ, ಪೈರೆಲ್ಲ ಒಣಗಿತು, ಅದನ್ನೇ ಬರೆದಿದ್ದೇನೆ’ ಎಂದ. ಮಳೆ ಕೈ ಕೊಟ್ಟಿತು ಎಂಬ ನಮ್ಮ ಮಾತನ್ನೇ ಅವನು ಅಕ್ಷರಕ್ಕೆ ಅಕ್ಷರ ಇಂಗ್ಲಿಷಿಗೆ ಇಳಿಸಿದ್ದ. ತರಗತಿಯೆಲ್ಲ ನಕ್ಕಿತು, ಅವನ ಮುಖ ಸಣ್ಣದಾಯಿತು. ತಪ್ಪು ಅವನದೋ ನನ್ನದೋ ಎಂಬ ಗೊಂದಲದಲ್ಲಿ ಅಂದು ಪಾಠ ಬೇಗನೆ ಮುಗಿಸಿದೆ.

ಈಗ ಎರಡು ಪ್ರಶ್ನೆ. ಕೊಟ್ಟ ಅಂಕವನ್ನು ಹಿಂದೆ ಪಡೆಯಲೇ? ಎರಡನೆಯದು, ಹೀಗೆ ನೋಡಲು ಒಂದೇ ತರಹ ಇದ್ದು ಅರ್ಥದಲ್ಲಿ ಬೇರೆಯಾಗುವ ನುಡಿಗಟ್ಟುಗಳು ಇನ್ನು ಯಾವುವು? ಇಂಗ್ಲಿಷಿನ ಒಳಗಿನವಾದರೂ ಆಗಲಿ, ಇಂಗ್ಲಿಷ್ ಕನ್ನಡಗಳ ನಡುವಿನವಾದರೂ ಆಗಲಿ. ಮಕ್ಕಳಿಗೆ ಪುಸ್ತಕದ ಪಟ್ಟಿಗಿಂತ ಅನುಭವದ ಉದಾಹರಣೆ ನಾಟುತ್ತದೆ.

ಕುಕ್ಕರಹಳ್ಳಿ ನಡಿಗೆ, ಮೈಸೂರು | ಭಾನುವಾರ, ರಾತ್ರಿ 9.02

ಮೇಷ್ಟ್ರೇ, ಕೊಟ್ಟ ಅಂಕ ಹಿಂದೆ ಪಡೆಯಬೇಡಿ. ಹಾಗೆ ಮಾಡಿದರೆ ನೀವೂ ಕೈ ಕೊಟ್ಟಂತಾಗುತ್ತದೆ.

ನಾನು ಮೂರು ದಶಕ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡಿ ನಿವೃತ್ತನಾದವನು. ಕಂಡುಕೊಂಡದ್ದು ಇಷ್ಟು: ಇಂಗ್ಲಿಷ್ ನುಡಿಗಟ್ಟಿನಲ್ಲಿ ಅರ್ಥ ಅಡಗಿ ಕೂರುವುದು ದೊಡ್ಡ ಪದದಲ್ಲಿ ಅಲ್ಲ, ನಡುವೆ ಬರುವ ಇರುವೆಯಷ್ಟು ಪದಗಳಲ್ಲಿ. ‘ಔಟ್ ಆಫ್ ದಿ ಕ್ವೆಶ್ಚನ್’ ಎಂದರೆ ಸಾಧ್ಯವೇ ಇಲ್ಲ, ಆ ಮಾತೇ ಬೇಡ ಎಂದು. ನಡುವಿನ ‘ದಿ’ ತೆಗೆದು ನೋಡಿ. ಹಿಂದಿನ ಕಾಲದ ಬರಹದಲ್ಲಿ ಅದಕ್ಕೆ ‘ಸಂಶಯವೇ ಇಲ್ಲ’ ಎಂಬ ಅರ್ಥ. ಒಂದಕ್ಕೊಂದು ಬೆನ್ನು ತಿರುಗಿಸಿ ನಿಂತ ಎರಡು ಅರ್ಥಗಳ ನಡುವೆ ಇರುವುದು ಒಂದೇ ಒಂದು ‘ದಿ’. ಈಗಿನವರು ಗೊಂದಲವೇ ಬೇಡವೆಂದು ಎರಡನೆಯದಕ್ಕೆ ‘ಬಿಯಾಂಡ್ ಕ್ವೆಶ್ಚನ್’ ಎನ್ನುತ್ತಾರೆ.

ನಿಮ್ಮ ಹುಡುಗನ ನುಡಿಗಟ್ಟನ್ನೇ ತೆಗೆದುಕೊಳ್ಳಿ. ‘ಗಿವ್ ಎ ಹ್ಯಾಂಡ್’ ಎಂದರೆ ನೆರವಾಗು. ನಡುವೆ ‘ಬಿಗ್’ ಸೇರಿಸಿದರೆ ಜೋರಾಗಿ ಚಪ್ಪಾಳೆ ತಟ್ಟಿ ಎಂದಾಗುತ್ತದೆ, ದೊಡ್ಡ ಸಹಾಯ ಮಾಡಿ ಎಂದಲ್ಲ. ಸಮಾರಂಭದ ನಿರೂಪಕರು ಹಾಗೆಂದಾಗ ಯಾರೂ ವೇದಿಕೆಗೆ ಓಡಿಹೋಗಿ ಕುರ್ಚಿ ಎತ್ತುವುದಿಲ್ಲ.

ಕನ್ನಡದಲ್ಲಿ ಈ ಕೆಲಸವನ್ನು ಕ್ರಿಯಾಪದ ಮಾಡುತ್ತದೆ. ಕೈ ಅದೇ ಕೈ. ಕೊಟ್ಟರೆ ಮೋಸ, ಹಿಡಿದರೆ ಆಸರೆ ಅಥವಾ ಮದುವೆ, ಬಿಟ್ಟರೆ ಅನಾಥ, ಮಾಡಿದರೆ ಏಟು, ಹಾಕಿದರೆ ಕೆಲಸದ ಆರಂಭ, ಚೆಲ್ಲಿದರೆ ನಿರಾಶೆ, ಕೂಡಿದರೆ ಯಶಸ್ಸು. ಹುಡುಗ ಕೈಯನ್ನು ಅನುವಾದಿಸಿದ. ಅನುವಾದವಾಗಬೇಕಿದ್ದುದು ‘ಕೊಡು’. ಮಳೆ ಕೈ ಕೊಟ್ಟದ್ದಕ್ಕೆ ಇಂಗ್ಲಿಷಿನಲ್ಲಿ ‘ಲೆಟ್ ಅಸ್ ಡೌನ್’ ಎಂಬುದು ಹೊಂದುತ್ತದೆ, ನಂಬಿದ್ದವರನ್ನು ನಿರಾಶೆಗೊಳಿಸು ಎಂಬ ಅರ್ಥದಲ್ಲಿ. ಅಲ್ಲಿಯೂ ಎಚ್ಚರ ಬೇಕು. ‘ಡೌನ್’ ಜಾಗದಲ್ಲಿ ‘ಆಫ್’ ಬಂದರೆ ಶಿಕ್ಷೆಯಿಲ್ಲದೆ ಬಿಟ್ಟರು ಎಂದಾಗುತ್ತದೆ.

ಪಾಸ್ ಪ್ರಯಾಣಿಕ, ಮಂಡ್ಯ | ಭಾನುವಾರ, ರಾತ್ರಿ 10.15

ಇಪ್ಪತ್ತು ವರ್ಷದಿಂದ ಮಂಡ್ಯ ಬೆಂಗಳೂರು ರೈಲಿನಲ್ಲಿ ಓಡಾಡುವವನು ನಾನು. ‘ಆನ್ ಟೈಮ್’ ಮತ್ತು ‘ಇನ್ ಟೈಮ್’ ನಡುವಿನ ವ್ಯತ್ಯಾಸವನ್ನು ಕಲಿಸಿದ್ದು ಶಾಲೆಯಲ್ಲ, ಮಂಡ್ಯ ನಿಲ್ದಾಣದ ಮೇಲ್ಸೇತುವೆ. ರೈಲು ವೇಳಾಪಟ್ಟಿಯಲ್ಲಿ ಬರೆದ ನಿಮಿಷಕ್ಕೆ ಬಂದರೆ ಅದು ‘ಆನ್ ಟೈಮ್’. ಚೀಲ ಹಿಡಿದು ಓಡೋಡಿ ಬಂದು, ಹೊರಡುವ ರೈಲಿಗೆ ಹೇಗೋ ಹತ್ತಿಕೊಂಡರೆ ಅದು ‘ಇನ್ ಟೈಮ್’. ಹೊತ್ತಿಗೆ ಸರಿಯಾಗಿ ಎಂಬುದು ಒಂದು, ಹೊತ್ತು ಮೀರುವ ಮೊದಲು ಎಂಬುದು ಇನ್ನೊಂದು. ರೈಲು ಮೊದಲನೆಯದನ್ನು ಪಾಲಿಸಿದ ದಿನವೇ ನಮಗೆ ಎರಡನೆಯದು ಕಷ್ಟವಾಗುತ್ತದೆ ಎಂಬುದು ಪ್ರಯಾಣಿಕರಿಗೆಲ್ಲ ಗೊತ್ತು.

ಒಗ್ಗರಣೆ ಡಬ್ಬಿ, ಸರಸ್ವತಿಪುರಂ | ಸೋಮವಾರ, ಬೆಳಿಗ್ಗೆ 11.20

ಕುಕ್ಕರಹಳ್ಳಿ ಸರ್ ಹೇಳಿದ್ದಕ್ಕೆ ನನ್ನದೊಂದು ತಕರಾರು. ಸಣ್ಣ ಪದದ ಆಟ ಇಂಗ್ಲಿಷಿನದು, ಕ್ರಿಯಾಪದದ ಆಟ ಕನ್ನಡದ್ದು ಎಂದು ಗೋಡೆ ಕಟ್ಟಿಬಿಟ್ಟಿರಲ್ಲ, ನಮ್ಮ ವಿಭಕ್ತಿ ಪ್ರತ್ಯಯಗಳು ಏನು ಕಡಿಮೆ ಆಟ ಆಡುತ್ತವೆಯೇ?

‘ಅಟ್ ದಿ ಎಂಡ್’ ಮತ್ತು ‘ಇನ್ ದಿ ಎಂಡ್’ ಎಂದು ನನ್ನ ಮಗಳು ದಿನವಿಡೀ ತಲೆ ಕೆಡಿಸಿಕೊಂಡಿದ್ದಳು. ನಾನು ಸಾರಿಗೆ ಹುಳಿ ಕಲಸುತ್ತಾ ಹೇಳಿದೆ: ‘ಬೀದಿಯ ಕೊನೆಯಲ್ಲಿ ಅಂಗಡಿ ಇದೆ. ಕೊನೆಗೆ ಅವನು ಮನೆಗೆ ಬಂದ.’ ಕೊನೆಯಲ್ಲಿ ಎಂದರೆ ಯಾವುದೋ ಒಂದರ ತುದಿ, ಬೆರಳು ಮಾಡಿ ತೋರಿಸಬಹುದು. ಅದು ‘ಅಟ್’. ಕೊನೆಗೆ ಎಂದರೆ ಏನೇನೋ ಆಗಿ ಕಡೆಗೆ ಹೀಗಾಯಿತು ಎಂದು. ಅದು ‘ಇನ್’. ಸಪ್ತಮಿಯನ್ನು ಬಿಟ್ಟು ಚತುರ್ಥಿ ಹಾಕಿದರೆ ಅರ್ಥವೇ ಬೇರೆ. ಅವಳಿಗೆ ಒಂದೇ ನಿಮಿಷದಲ್ಲಿ ತಿಳಿಯಿತು. ಕನ್ನಡದ ಮೂಲಕ ಇಂಗ್ಲಿಷ್ ಕಲಿಸಿದರೆ ಮಕ್ಕಳು ಹಾಳಾಗುತ್ತಾರೆ ಎನ್ನುವವರು ಒಮ್ಮೆ ನಮ್ಮ ಅಡುಗೆಮನೆಗೆ ಬರಲಿ.

ಕುಕ್ಕರಹಳ್ಳಿ ನಡಿಗೆ, ಮೈಸೂರು | ಸೋಮವಾರ, ಮಧ್ಯಾಹ್ನ 12.05

ಒಪ್ಪಿದೆ ತಾಯಿ. ಗೋಡೆ ಕೆಡವಿದ್ದೇನೆ. ಇಷ್ಟು ಸಲೀಸಾಗಿ ನಾನು ಒಮ್ಮೆಯೂ ಹೇಳಿಕೊಟ್ಟಿರಲಿಲ್ಲ ಎಂಬುದು ಸ್ವಲ್ಪ ಚುಚ್ಚಿತು.

ಹೆಬ್ಬಾಳು ಕೈಗಾರಿಕಾ ಪ್ರದೇಶ, ಮೈಸೂರು | ಸೋಮವಾರ, ರಾತ್ರಿ 9.30

ನನ್ನದು ಸಾಫ್ಟ್‌ವೇರ್ ಕೆಲಸ. ಇಲ್ಲಿಯವರೆಗೆ ಎಲ್ಲರೂ ಒಂದೆರಡು ಅಕ್ಷರದ ವ್ಯತ್ಯಾಸ ಹೇಳಿದಿರಿ. ನನಗೆ ಒಂದು ಅಕ್ಷರವೂ ವ್ಯತ್ಯಾಸವಿಲ್ಲದ ಪದ ಕೈ ಕೊಟ್ಟಿತು.

ಅಮೆರಿಕದ ತಂಡದೊಂದಿಗೆ ಸಭೆ. ನಮ್ಮ ಕಡೆಯ ಒಂದು ಪ್ರಸ್ತಾವ ಇತ್ತು. ‘ಅದನ್ನು ಟೇಬಲ್ ಮಾಡೋಣ’ ಎಂದು ನಾನು ಇಂಗ್ಲಿಷಿನಲ್ಲಿ ಹೇಳಿದೆ. ಆಗಲಿ ಎಂದರು. ಮುಂದಿನ ವಿಷಯಕ್ಕೆ ಹೋದರು. ಕೊನೆಯಲ್ಲಿ ಚರ್ಚಿಸುತ್ತಾರೇನೋ ಎಂದು ಕಾದೆ, ಕರೆ ಮುಗಿಯಿತು. ಎರಡು ವಾರ ಸದ್ದಿಲ್ಲ. ಆಮೇಲೆ ಗೊತ್ತಾಯಿತು, ಬ್ರಿಟಿಷ್ ಇಂಗ್ಲಿಷಿನಲ್ಲಿ ಈ ಕ್ರಿಯಾಪದಕ್ಕೆ ಚರ್ಚೆಗೆ ಇಡು ಎಂಬ ಅರ್ಥ, ಅಮೆರಿಕದಲ್ಲಿ ಸದ್ಯಕ್ಕೆ ಬದಿಗಿಡು ಎಂಬ ಅರ್ಥ. ನಮ್ಮ ವಿಧಾನಸಭೆಯಲ್ಲಿ ಮಸೂದೆಯನ್ನು ‘ಟೇಬಲ್’ ಮಾಡಿದರು ಎಂದು ಇಂಗ್ಲಿಷ್ ಪತ್ರಿಕೆ ಬರೆದರೆ ಮಂಡಿಸಿದರು ಎಂದೇ ಓದಿ ಬೆಳೆದವಳು ನಾನು. ನನ್ನ ಪ್ರಸ್ತಾವವನ್ನು ನಾನೇ ಮೂಲೆಗೆ ತಳ್ಳಿದ್ದೆ.

ಕುಕ್ಕರಹಳ್ಳಿ ನಡಿಗೆ, ಮೈಸೂರು | ಸೋಮವಾರ, ರಾತ್ರಿ 10.10

ನಾಚಿಕೆ ಬೇಡಮ್ಮ, ನಿಮಗಿಂತ ದೊಡ್ಡವರು ಇದೇ ಹಳ್ಳಕ್ಕೆ ಬಿದ್ದಿದ್ದಾರೆ. ಎರಡನೇ ಮಹಾಯುದ್ಧದ ಸಮಯದಲ್ಲಿ ಬ್ರಿಟನ್ ಮತ್ತು ಅಮೆರಿಕದ ಸೇನಾ ಮುಖ್ಯರು ಒಟ್ಟಿಗೆ ಕುಳಿತಿದ್ದಾಗ, ತುರ್ತಾದ ಕಾಗದವೊಂದನ್ನು ‘ಟೇಬಲ್’ ಮಾಡಬೇಕೆಂದು ಬ್ರಿಟಿಷರು ಪಟ್ಟು ಹಿಡಿದರು. ಅಷ್ಟು ಮುಖ್ಯವಾದದ್ದನ್ನು ‘ಟೇಬಲ್’ ಮಾಡಲೇಬಾರದು ಎಂದು ಅಮೆರಿಕದವರು ಪಟ್ಟು ಹಿಡಿದರು. ಬಹಳ ಹೊತ್ತು ಬಿಸಿಬಿಸಿ ವಾದ ನಡೆದ ಮೇಲೆ, ಇಬ್ಬರಿಗೂ ಬೇಕಾದದ್ದು ಒಂದೇ ಎಂದು ತಿಳಿಯಿತಂತೆ. ಚರ್ಚಿಲ್ ಅವರೇ ತಮ್ಮ ಯುದ್ಧದ ನೆನಪುಗಳಲ್ಲಿ ಇದನ್ನು ಬರೆದಿದ್ದಾರೆ.

ಕರಡು ತಿದ್ದುವವ, ಮೈಸೂರು | ಮಂಗಳವಾರ, ನಸುಕು 1.40

ಪತ್ರಿಕೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದೆ, ನಿದ್ದೆ ಬರಲಿಲ್ಲ, ಇದನ್ನು ಓದುತ್ತಾ ಕುಳಿತೆ.

‘ಔಟ್ ಆಫ್ ಹ್ಯಾಂಡ್’ ಬಗ್ಗೆ ಯಾರೂ ಹೇಳಲಿಲ್ಲ. ಪರಿಸ್ಥಿತಿ ‘ಔಟ್ ಆಫ್ ಹ್ಯಾಂಡ್’ ಆಯಿತು ಎಂದರೆ ಕೈಮೀರಿತು. ನಮ್ಮದಕ್ಕೆ ತದ್ರೂಪ, ಇಷ್ಟು ಅಚ್ಚುಕಟ್ಟಾಗಿ ಕೂಡಿಬರುವ ಜೋಡಿ ಸಿಗುವುದೇ ಅಪರೂಪ. ಆ ಸಂತೋಷದಲ್ಲೇ ಮೋಸ ಹೋಗುವುದು. ಮನವಿಯನ್ನು ‘ಔಟ್ ಆಫ್ ಹ್ಯಾಂಡ್’ ತಿರಸ್ಕರಿಸಿದರು ಎಂದರೆ ಯೋಚನೆಯನ್ನೂ ಮಾಡದೆ ತಳ್ಳಿಹಾಕಿದರು ಎಂದರ್ಥ. ಹೊಸದಾಗಿ ಸೇರಿದ ಹುಡುಗನೊಬ್ಬ ‘ಮನವಿಯು ಕೈಮೀರಿ ತಿರಸ್ಕೃತವಾಯಿತು’ ಎಂದು ಬರೆದುಕೊಟ್ಟಿದ್ದ. ಹನ್ನೊಂದು ಗಂಟೆ ರಾತ್ರಿಯಲ್ಲಿ ಅದನ್ನು ಹಿಡಿದೆ. ಹಿಡಿಯದೆ ಹೋದವು ಎಷ್ಟಿವೆಯೋ, ದೇವರೇ ಬಲ್ಲ.

‘ಹ್ಯಾಂಡ್ ಇನ್ ಹ್ಯಾಂಡ್’, ‘ಹ್ಯಾಂಡ್ ಇನ್ ಗ್ಲವ್’ ಇವೂ ಅಂಥವೇ. ಮೊದಲನೆಯದು ಜೊತೆಜೊತೆಯಾಗಿ ಎನ್ನುವ ಸಾಧು ಮಾತು. ಎರಡನೆಯದರಲ್ಲಿ ಹೆಚ್ಚಾಗಿ ಒಳಒಪ್ಪಂದದ ವಾಸನೆ ಇರುತ್ತದೆ. ಅಧಿಕಾರಿಯೂ ಗುತ್ತಿಗೆದಾರರೂ ‘ಹ್ಯಾಂಡ್ ಇನ್ ಗ್ಲವ್’ ಎಂಬುದನ್ನು ‘ಕೈಜೋಡಿಸಿ ದುಡಿದರು’ ಎಂದು ಅನುವಾದಿಸಿದರೆ ಆರೋಪ ಅಭಿನಂದನೆಯಾಗಿಬಿಡುತ್ತದೆ. ಅಲ್ಲಿ ಬೇಕಾದದ್ದು ‘ಶಾಮೀಲು’.

ಹೆಚ್ಚು ಕಾಡುವುದು ಕೈ ತೊಳೆದುಕೊಳ್ಳುವ ಮಾತು. ಬೈಬಲ್ಲಿನ ಮತ್ತಾಯನ ಸುವಾರ್ತೆಯಲ್ಲಿ ರಾಜ್ಯಪಾಲ ಪಿಲಾತ ಜನರೆದುರು ನೀರು ತರಿಸಿ ಕೈ ತೊಳೆದುಕೊಂಡು, ಈ ರಕ್ತಕ್ಕೆ ನಾನು ಹೊಣೆಯಲ್ಲ ಎನ್ನುತ್ತಾನೆ. ಇಂಗ್ಲಿಷಿನ ನುಡಿಗಟ್ಟಿಗೆ ಅಲ್ಲಿಂದ ಬಂದ ಅರ್ಥ, ಹೊಣೆಯಿಂದ ಜಾರಿಕೊಳ್ಳುವುದು. ಕನ್ನಡದಲ್ಲಿ ‘ಕೈ ತೊಳೆದುಕೊಂಡು ಬೆನ್ನಿಗೆ ಬಿದ್ದ’ ಎಂದರೆ ಪಟ್ಟು ಬಿಡದೆ ಹಿಂದೆ ಹತ್ತಿದ ಎಂದು. ಅಲ್ಲಿ ಕೈ ತೊಳೆದವನು ಬಿಟ್ಟು ಹೋಗುತ್ತಾನೆ, ಇಲ್ಲಿ ಕೈ ತೊಳೆದವನು ಬಿಡುವುದೇ ಇಲ್ಲ. ‘ಕೊಟ್ಟ ಸಾಲಕ್ಕೆ ಕೈ ತೊಳೆದುಕೊಂಡೆ’ ಎಂದರೆ ಅದು ಮೂರನೆಯದು, ಆಸೆ ಬಿಟ್ಟೆ ಎಂದು. ಈಗ ನಮ್ಮ ಪತ್ರಿಕೆಗಳಲ್ಲೇ ‘ಜವಾಬ್ದಾರಿಯಿಂದ ಕೈ ತೊಳೆದುಕೊಂಡರು’ ಎಂದು ಪಿಲಾತನ ಅರ್ಥವೂ ಧಾರಾಳವಾಗಿ ಬರುತ್ತಿದೆ. ತಿದ್ದುವುದನ್ನು ನಾನು ಬಿಟ್ಟಿದ್ದೇನೆ. ಓದುಗರಿಗೆ ಅರ್ಥವಾಗುತ್ತದೆ, ಜಗಳ ಏಕೆ?

ಗದ್ದೆ ಬದು, ಪಾಂಡವಪುರ | ಮಂಗಳವಾರ, ಬೆಳಿಗ್ಗೆ 6.15

ನಾನು ಹೆಚ್ಚು ಓದಿದವನಲ್ಲ, ಮೇಷ್ಟ್ರುಗಳ ನಡುವೆ ಬಾಯಿ ಹಾಕುವುದಕ್ಕೆ ಕ್ಷಮಿಸಿ. ಮನೆಯಲ್ಲಿ ನಡೆದದ್ದು ಹೇಳುತ್ತೇನೆ.

ಮಗಳು ಇಂಗ್ಲಿಷ್ ಪತ್ರಿಕೆ ಓದಿ ಅಜ್ಜಿಗೆ ಕನ್ನಡದಲ್ಲಿ ಹೇಳುತ್ತಾಳೆ, ಅದು ಅವರಿಬ್ಬರ ಸಂಜೆಯ ಪದ್ಧತಿ. ಒಂದು ದಿನ ‘ಮುಹೂರ್ತದ ಹೊತ್ತಿಗೆ ಗಂಡಿನ ಕಾಲು ತಣ್ಣಗಾಯಿತಂತೆ ಅಜ್ಜಿ’ ಎಂದಳು. ನಮ್ಮ ತಾಯಿ ಎದೆ ಹಿಡಿದುಕೊಂಡು, ‘ಅಯ್ಯೋ ಶಿವನೇ, ಹೋಗಿಬಿಟ್ಟನೇ! ಹೆಣ್ಣಿನ ಗತಿ ಏನು?’ ಎಂದು ಕೂಗಿದರು. ಪಕ್ಕದ ಮನೆಯವರು ಓಡಿಬಂದರು. ‘ಕೋಲ್ಡ್ ಫೀಟ್’ ಎಂದರೆ ಕಡೆ ಗಳಿಗೆಯಲ್ಲಿ ಧೈರ್ಯ ಉಡುಗುವುದಂತೆ. ನಮ್ಮಲ್ಲಿ ಕಾಲು ತಣ್ಣಗಾದರೆ ನೆಂಟರಿಗೆಲ್ಲ ಹೇಳಿಕಳಿಸಬೇಕು.

‘ಕೋಲ್ಡ್ ಶೋಲ್ಡರ್’ ಎಂಬುದೂ ಇದೆಯಂತೆ, ಕಂಡರೂ ಮುಖ ಕೊಡದೆ ಹೋಗುವುದು. ಅವರಿಗೆ ತಣ್ಣಗಿನದೆಲ್ಲ ಕೆಟ್ಟದ್ದು ಏಕೆ ಎಂದು ಯೋಚಿಸಿದೆ. ಅವರದು ಚಳಿಯ ದೇಶ. ಬಿಸಿಲಿನಲ್ಲಿ ಬಾಗಿ ನಾಟಿ ಹಾಕುವ ನಮಗೆ ತಂಪೇ ದೇವರು. ‘ನಿನ್ನ ಹೊಟ್ಟೆ ತಣ್ಣಗಿರಲಿ’ ಎಂದು ಹರಸುತ್ತೇವೆ, ‘ಬಿಸಿ ಮುಟ್ಟಿಸುತ್ತೇವೆ’ ಎಂದು ಹೆದರಿಸುತ್ತೇವೆ. ಹಾಗೆಯೇ ಸಕ್ಕರೆ. ಒಳ್ಳೆಯ ಸುದ್ದಿ ತಂದವನ ಬಾಯಿಗೆ ಸಕ್ಕರೆ ಹಾಕಬೇಕು ಎನ್ನುವುದು ನಮ್ಮ ಮಾತು. ಇಂಗ್ಲಿಷಿನಲ್ಲಿ ಮಾತಿಗೆ ಸಕ್ಕರೆ ಸವರಿದರೆ ಕಹಿ ಸತ್ಯವನ್ನು ಮುಚ್ಚಿದಂತೆ. ಕಬ್ಬು ಬೆಳೆಯುವವನಿಗೆ ಇದು ಸ್ವಲ್ಪ ಬೇಸರದ ಸಂಗತಿ.

ಒಗ್ಗರಣೆ ಡಬ್ಬಿ, ಸರಸ್ವತಿಪುರಂ | ಮಂಗಳವಾರ, ಬೆಳಿಗ್ಗೆ 10.45

ಅಣ್ಣ, ಅಜ್ಜಿಯ ಕಥೆ ಓದಿ ಹಾಲು ಉಕ್ಕಿದ್ದೂ ಗೊತ್ತಾಗಲಿಲ್ಲ. ಆದರೆ ಚಳಿ ದೇಶ, ಬಿಸಿಲು ದೇಶ ಎಂಬ ಲೆಕ್ಕ ಪೂರ್ತಿ ಕೂಡಿಬರುವುದಿಲ್ಲ. ಸ್ವರ್ಗಕ್ಕೇ ಕಿಚ್ಚು ಹಚ್ಚು ಎಂದ ಸರ್ವಜ್ಞ ಮೊದಲು ಕೇಳಿದ್ದು ಏನು? ಬೆಚ್ಚನೆಯ ಮನೆ. ಉತ್ಸಾಹಕ್ಕೆ ತಣ್ಣೀರೆರಚುವುದು ನಮ್ಮಲ್ಲೂ ಕೆಟ್ಟದ್ದೇ. ಬೆಚ್ಚಗೆ ಬೇರೆ, ಬಿಸಿ ಬೇರೆ ಎಂದು ಬೇಕಾದರೆ ವಾದಿಸಿ, ನಾನು ಸಿದ್ಧ.

ಗದ್ದೆ ಬದು, ಪಾಂಡವಪುರ | ಮಂಗಳವಾರ, ಮಧ್ಯಾಹ್ನ 1.30

ವಾದ ಬೇಡ ಅಕ್ಕ, ಸೋತೆ. ಊಟಕ್ಕೆ ಬಿಸಿ ಮುದ್ದೆಯನ್ನೇ ತಿಂದು ಬರುತ್ತಿದ್ದೇನೆ, ತಣ್ಣಗಿನದು ತಿಂದಿಲ್ಲ.

ಬೇಗ ಮುಗಿಸಿ, ಮೈಸೂರು | ಮಂಗಳವಾರ, ಸಂಜೆ 4.00

ಮೊಬೈಲ್ ಕೇಳಿದರೆ ಎರಡು ಸೆಕೆಂಡಿನಲ್ಲಿ ಅರ್ಥ ಹೇಳುತ್ತದೆ. ಇದಕ್ಕೆ ಇಷ್ಟು ಜನ ಇಷ್ಟು ದಿನ ಏಕೆ ತಲೆ ಕೆಡಿಸಿಕೊಳ್ಳುತ್ತಿದ್ದೀರಿ?

ಕರಡು ತಿದ್ದುವವ, ಮೈಸೂರು | ಮಂಗಳವಾರ, ಸಂಜೆ 5.10

ತಲೆಯ ಮಾತು ತೆಗೆದಿರಿ, ಒಳ್ಳೆಯದಾಯಿತು. 1911ರಲ್ಲಿ ಬಿ.ಎಂ. ಶ್ರೀಕಂಠಯ್ಯನವರು ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ಮಾಡಿದ ಭಾಷಣದ ಹೆಸರು ‘ಕನ್ನಡ ಮಾತು ತಲೆಯೆತ್ತುವ ಬಗೆ’. ನಮ್ಮ ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದವರು ಅವರು. ಅಲ್ಲಿ ತಲೆಯೆತ್ತುವುದು ಎಂದರೆ ಬಾಗಿದ್ದುದು ಗೌರವದಿಂದ ನಿಲ್ಲುವುದು. ಇಂದಿನ ಪತ್ರಿಕೆ ತೆರೆದರೆ ಕಸದ ಸಮಸ್ಯೆ ತಲೆಯೆತ್ತಿದೆ, ಗುಂಪುಗಾರಿಕೆ ತಲೆಯೆತ್ತಿದೆ. ಇಂಗ್ಲಿಷಿನಲ್ಲಿ ಕೆಟ್ಟದ್ದು ಹಾವಿನ ಹಾಗೆ ತಲೆಯೆತ್ತುತ್ತದೆ. ಆ ತಲೆ ಬಂದು ನಮ್ಮ ತಲೆಯ ಪಕ್ಕದಲ್ಲೇ ಕುಳಿತಿದೆ. ಕನ್ನಡ ತಲೆಯೆತ್ತಿದೆ ಎಂದು ಇಂದು ಯಾರಾದರೂ ಬರೆದರೆ, ಸಂತೋಷಪಡಬೇಕೋ ಗಾಬರಿಯಾಗಬೇಕೋ ಎಂಬುದನ್ನು ಮುಂದಿನ ವಾಕ್ಯ ನೋಡಿ ತಿಳಿಯಬೇಕು. ನಿಮ್ಮ ಮೊಬೈಲ್ ಅರ್ಥ ಹೇಳುತ್ತದೆ ಸ್ವಾಮಿ, ಯಾವ ತಲೆ ಎಂದು ಕೇಳುವುದು ನಾವೇ.

ಪಾಸ್ ಪ್ರಯಾಣಿಕ, ಮಂಡ್ಯ | ಮಂಗಳವಾರ, ರಾತ್ರಿ 8.25

ಇಂದು ರೈಲಿನಲ್ಲಿ ಈ ಚರ್ಚೆಯನ್ನು ಗಟ್ಟಿಯಾಗಿ ಓದಿದೆ. ಬೋಗಿಯಲ್ಲಿದ್ದ ಗೆಳೆಯರು ನನ್ನ ಹಳೆಯ ಕಥೆಯನ್ನು ಇಲ್ಲಿ ಬರೆಯಲೇಬೇಕೆಂದು ಹಟ ಹಿಡಿದರು, ಬರೆಯುತ್ತೇನೆ.

ಮೈ ಸರಿಯಿಲ್ಲ ಎನ್ನುವುದಕ್ಕೆ ಇಂಗ್ಲಿಷಿನಲ್ಲಿ ‘ಅಂಡರ್ ದಿ ವೆದರ್’ ಎನ್ನುತ್ತಾರೆ ಎಂದು ಎಲ್ಲೋ ಓದಿದ್ದೆ. ಜ್ವರ ಬಂದ ದಿನ ಸಾಹೇಬರಿಗೆ ಇಮೇಲ್ ಬರೆಯುವಾಗ ಆ ಪದ ನೆನಪಾಗಲಿಲ್ಲ. ಹವಾಮಾನಕ್ಕೆ ಸಂಬಂಧಪಟ್ಟದ್ದು ಎಂಬುದಷ್ಟೇ ನೆನಪು. ಎರಡು ದಿನಗಳಿಂದ ನಾನು ‘ಅಂಡರ್ ಎ ಕ್ಲೌಡ್’, ಆದ್ದರಿಂದ ರಜೆ ಬೇಕು ಎಂದು ಬರೆದೆ. ಅದರ ಅರ್ಥ ಸಂಶಯಕ್ಕೆ ಗುರಿಯಾಗಿದ್ದೇನೆ ಎಂದು. ಆ ವಾರ ನಮ್ಮಲ್ಲಿ ಲೆಕ್ಕಪರಿಶೋಧನೆ ನಡೆಯುತ್ತಿತ್ತು. ಸಾಹೇಬರು ಕೂಡಲೇ ಫೋನ್ ಮಾಡಿ, ಬಹಳ ಮೆತ್ತಗಿನ ದನಿಯಲ್ಲಿ, ‘ಯಾವ ಫೈಲು, ಹೇಳಿ’ ಎಂದರು.

ಹೆಬ್ಬಾಳು ಕೈಗಾರಿಕಾ ಪ್ರದೇಶ, ಮೈಸೂರು | ಮಂಗಳವಾರ, ರಾತ್ರಿ 9.00

ನನ್ನ ಟೇಬಲ್ ಕಥೆಗೆ ಈಗ ಸಮಾಧಾನವಾಯಿತು ಸರ್.

ಮೋಡದ ಹಿಂದೆಯೇ ಗಾಳಿಯೂ ಬರಲಿ. ‘ಅಪ್ ಇನ್ ದಿ ಏರ್’ ಎಂದರೆ ತೀರ್ಮಾನವಾಗದೆ ತೂಗಾಡುತ್ತಿರುವುದು. ‘ಅಪ್’ ಬಿಟ್ಟರೆ ಏನೋ ಆಗಲಿದೆ ಎಂಬ ಸುಳಿವು. ‘ಆನ್ ಏರ್’ ಎಂದರೆ ಬಾನುಲಿಯಲ್ಲಿ ಪ್ರಸಾರವಾಗುತ್ತಿದೆ ಎಂದು.

ಕುಕ್ಕರಹಳ್ಳಿ ನಡಿಗೆ, ಮೈಸೂರು | ಮಂಗಳವಾರ, ರಾತ್ರಿ 9.40

ಬಾನುಲಿ ಎಂದಾಗ ಮೈಸೂರಿನವನು ಸುಮ್ಮನಿರಲಾರ. 1935ರಲ್ಲಿ ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ಇಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಕೇಂದ್ರ ಆರಂಭಿಸಿದರು, ‘ಆಕಾಶವಾಣಿ’ ಎಂಬ ಹೆಸರಿನಲ್ಲಿ. ಇಂಗ್ಲಿಷಿನವರು ಗಾಳಿಯ ಮೇಲೆ ಹೋದರು, ನಾವು ಆಕಾಶಕ್ಕೆ ಹೋದೆವು. ನಮ್ಮಲ್ಲಿ ಮಾತಿಗೆ ಗಾಳಿ ಸೇರಿದರೆ ಅದು ಗಾಳಿಮಾತು, ಸುದ್ದಿ ಓದುವವರಿಗೆ ಅದು ಒಳ್ಳೆಯ ಹೆಸರಲ್ಲ.

ಸಂಜೆ ತರಗತಿ, ಮಂಡ್ಯ | ಬುಧವಾರ, ರಾತ್ರಿ 8.50

ಎಲ್ಲರಿಗೂ ಕೃತಜ್ಞತೆ. ಅಂಕ ಹಿಂದೆ ಪಡೆಯಲಿಲ್ಲ. ಇಂದು ಕೈ ಕೊಡುವುದರಿಂದ ಹಿಡಿದು ಕಾಲು ತಣ್ಣಗಾಗುವವರೆಗೆ ಎಲ್ಲವನ್ನೂ ತರಗತಿಯಲ್ಲಿ ಹೇಳಿದೆ. ಅಜ್ಜಿಯ ಕಥೆಗೆ ಬಿದ್ದಷ್ಟು ನಗು ನನ್ನ ಹದಿನೈದು ವರ್ಷದ ಪಾಠದಲ್ಲಿ ಬಿದ್ದಿಲ್ಲ. ‘ಅಟ್ ದಿ ಎಂಡ್’, ‘ಇನ್ ದಿ ಎಂಡ್’ ಎರಡನ್ನೂ ಅಕ್ಕ ಹೇಳಿದಂತೆಯೇ ಕಲಿಸಿದೆ.

ಆಮೇಲೆ ಆ ಹುಡುಗನಿಗೆ, ನಿನ್ನ ವಾಕ್ಯವನ್ನು ನೀನೇ ತಿದ್ದಿ ಬರೆ ಎಂದೆ. ಐದು ನಿಮಿಷದಲ್ಲಿ ಹಾಳೆ ತಂದುಕೊಟ್ಟ. ‘ದಿ ರೈನ್ ಲೆಟ್ ಅಸ್ ಡೌನ್. ದಿ ಕೆನಾಲ್ ಗೇವ್ ಅಸ್ ಎ ಹ್ಯಾಂಡ್ ಅಟ್ ದಿ ಎಂಡ್.’ ಮಳೆ ಕೈ ಕೊಟ್ಟಿತು, ನಾಲೆ ಕೈ ಹಿಡಿಯಿತು. ಎಲ್ಲ ಸರಿಯಾಯಿತು ಎಂದುಕೊಂಡವನು ಕೊನೆಯ ಮೂರು ಪದ ನೋಡಿ ಕೆಂಪು ಪೆನ್ನು ತೆಗೆದೆ. ‘ಕೊನೆಗೆ ಕೈ ಹಿಡಿಯಿತು ಎನ್ನಬೇಕಾದರೆ ಇಲ್ಲಿ ಇನ್ ಬರಬೇಕಲ್ಲವೇ? ಈಗ ತಾನೇ ಹೇಳಿದೆನಲ್ಲ’ ಎಂದೆ.

‘ಕೊನೆಗೆ ಅಲ್ಲ ಸರ್, ಕೊನೆಯಲ್ಲಿ’ ಎಂದ. ‘ನಮ್ಮ ಗದ್ದೆ ಇರುವುದು ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದಲ್ಲಿ. ಕನ್ನಂಬಾಡಿ ಅಣೆಕಟ್ಟೆ ತುಂಬಿದರೂ ಅಲ್ಲಿಗೆ ನೀರು ಬರುವುದೇ ಅಪರೂಪ. ಆ ವರ್ಷ ಸರದಿಯ ಒಂದು ಕಟ್ಟು ನೀರು ಅಲ್ಲಿಯವರೆಗೂ ಬಂತು.’

ಪೆನ್ನಿನ ಮುಚ್ಚಳ ಹಾಕಿದೆ.